ಬಾಡಿಗೆ ಮನೆಯ 108 ಮೆಟ್ಟಿಲು

‘ರೋಟಿ ಮಿಲೇಗಾ, ಖೋಲಿ ನಹೀ ಮಿಲೇಗಾ’. ಮುಂಬಯಿಗೆ ಬಂದಿಳಿದ ಪ್ರತಿಯೊಬ್ಬ ತುಳು-ಕನ್ನಡಿಗನೂ ಮೊದಲ ವಾರದಲ್ಲೇ ಕೇಳಿಸಿಕೊಳ್ಳುವ ಮಾತಿದು. ಈ ನಗರದಲ್ಲಿ ಅನ್ನಕ್ಕೆ ದಾರಿಯಾಗುತ್ತದೆ, ತಲೆಯ ಮೇಲಿನ ಸೂರಿಗೆ ಆಗುವುದಿಲ್ಲ. ನಮ್ಮ ಹಿರಿಯರು ಹೊಟೇಲಿನ ಮೇಜುಗಳನ್ನು ಜೋಡಿಸಿ ಮಲಗಿದರು, ಚಾಳಿನ ಹತ್ತಡಿ ಕೋಣೆಯಲ್ಲಿ ಎಂಟು ಮಂದಿ ಸರದಿಯಲ್ಲಿ ನಿದ್ದೆ ಮಾಡಿದರು. ಅನಂತರದ ತಲೆಮಾರು ಉಪನಗರಗಳ ಕಡೆ ಸರಿಯಿತು. ಮೀರಾರೋಡ್, ಭಾಯಂದರ್, ವಸಾಯಿ, ನಾಲಾಸೋಪಾರ, ಡೊಂಬಿವಲಿ ಎಂದು ರೈಲುಹಳಿಯುದ್ದಕ್ಕೂ ಹರಡಿಕೊಂಡಿತು. ಸ್ವಂತ ಫ್ಲ್ಯಾಟ್ ಕೊಂಡವರು ಅನೇಕರು. ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆಯಿಂದ ಮನೆಗೆ ಸಾಮಾನು ಹೊರುತ್ತಿರುವವರೂ ಅನೇಕರು.

ನಾನು ಎರಡನೆಯ ಗುಂಪಿನವನಾಗಿ ಹದಿನಾಲ್ಕು ವರ್ಷ ಕಳೆದವನು. ಅದರಲ್ಲಿ ಮೀರಾರೋಡ್ ಪೂರ್ವದ ಒಂದು ಸೊಸೈಟಿಯಲ್ಲಿ ಕಳೆದ ಮೂರು ವರ್ಷಗಳ ಅನುಭವವನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಸೊಸೈಟಿಯ ಹೆಸರು ಬೇಡ. ಅಂತಹ ಸೊಸೈಟಿಗಳು ಪ್ರತೀ ಸ್ಟೇಷನ್ನಿನ ಹೊರಗೂ ಇವೆ. ಓದುಗರಲ್ಲಿ ಹಲವರಿಗೆ ಇದು ತಮ್ಮದೇ ಕಟ್ಟಡದ ಕತೆ ಎನಿಸಿದರೆ ಆಶ್ಚರ್ಯವಿಲ್ಲ.

ಪ್ರವೇಶದ್ವಾರದಲ್ಲೇ ಸಿಕ್ಕಿದ ಪಾಠ

2014ರ ಜೂನ್ ತಿಂಗಳು. ಮಳೆ ಇನ್ನೂ ಹಿಡಿದಿರಲಿಲ್ಲ. ನಾನು, ಪತ್ನಿ, ಒಂಬತ್ತನೆಯ ತರಗತಿಗೆ ಸೇರಿದ್ದ ಮಗಳು ಮತ್ತು ಅಮ್ಮ ತೀರಿಕೊಂಡ ಮೇಲೆ ಊರಿನಿಂದ ಕರೆತಂದಿದ್ದ ಅಪ್ಪ ಟೆಂಪೋದಲ್ಲಿ ಸಾಮಾನಿನೊಂದಿಗೆ ಅಲ್ಲಿಗೆ ಹೋಗಿ ಇಳಿದೆವು. ಮೂರು ವಿಂಗ್, ಏಳು ಮಾಳಿಗೆ, 84 ಫ್ಲ್ಯಾಟುಗಳು. 1990ರ ದಶಕದಲ್ಲಿ ಕಟ್ಟಿದ್ದು. ನಮ್ಮದು ಬಿ ವಿಂಗ್‌ನ ಆರನೆಯ ಮಾಳಿಗೆ. ಅಪ್ಪನಿಗೆ ಒಮ್ಮೆ ಹೃದಯಾಘಾತವಾಗಿತ್ತು, ಮೆಟ್ಟಿಲು ಹತ್ತಬಾರದೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಲಿಫ್ಟ್ ಇದೆ ಎಂದು ಬ್ರೋಕರ್ ತೋರಿಸಿದ್ದರಿಂದಲೇ ಆ ಮನೆಗೆ ಒಪ್ಪಿದ್ದೆವು.

ಮನೆ ಮಾಲಕರು ನಮ್ಮ ಜಿಲ್ಲೆಯವರೇ. ಮುಂಬಯಿಯಲ್ಲಿ ಮೂವತ್ತೈದು ವರ್ಷ ದುಡಿದು, ಹೊಟೇಲನ್ನು ಬೇರೆಯವರಿಗೆ ವಹಿಸಿಕೊಟ್ಟು ಊರು ಸೇರಿದ್ದರು. ಸಜ್ಜನರು. ‘ನಮ್ಮವರಿಗೇ ಕೊಡಬೇಕು ಅಂತ ಎರಡು ತಿಂಗಳು ಖಾಲಿ ಇಟ್ಟಿದ್ದೆ ಮಾರಾಯ್ರೆ’ ಎಂದು ಫೋನಿನಲ್ಲಿ ಹೇಳಿದ್ದರು. ಕರಾರನ್ನು ನೋಟರಿಯಿಂದ ಮಾಡಿಸಿದರೆ ಸಾಕು ಎಂಬುದು ಅವರ ಅಭಿಪ್ರಾಯವಾಗಿತ್ತು. ನಾನು ಕೋಟೆ ಪರಿಸರದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು, ಕಾಗದಪತ್ರದ ವಿಷಯದಲ್ಲಿ ಸ್ವಲ್ಪ ಹಟಮಾರಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರ 55ನೆಯ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಹನ್ನೊಂದು ತಿಂಗಳದ್ದಾದರೂ ನೋಂದಣಿಯಾಗಲೇಬೇಕು. ಅದರ ಹೊಣೆ ಮಾಲಕನದ್ದು, ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ. ಇದನ್ನು ವಿವರಿಸಿದಾಗ ಅವರು ಮರುಮಾತಾಡದೆ ನೋಂದಣಿ ಮಾಡಿಸಿದರು.

ಸೊಸೈಟಿ ಕಚೇರಿಯಲ್ಲಿ ಮಾತ್ರ ಬೇರೆಯೇ ಕಾಯಿದೆ ನಡೆಯುತ್ತಿತ್ತು. ಸಾಮಾನು ಒಳಗೆ ತರಲು 5,000 ರೂಪಾಯಿ. ರಸೀದಿಯಲ್ಲಿ ಬರೆದದ್ದು ‘ದೇಣಿಗೆ’. ಮೇಲಾಗಿ ಪ್ರತೀ ತಿಂಗಳು ಮೈಂಟೆನನ್ಸ್ ಅಲ್ಲದೆ ಬಾಡಿಗೆಯವರೆಂಬ ಕಾರಣಕ್ಕೆ 1,000 ರೂಪಾಯಿ ಹೆಚ್ಚುವರಿ. ಮಾಲಕ ವಾಸವಿಲ್ಲದ ಫ್ಲ್ಯಾಟಿಗೆ ವಿಧಿಸುವ ಈ ಶುಲ್ಕ ಸೊಸೈಟಿಯ ಸೇವಾ ಶುಲ್ಕದ ಶೇಕಡಾ 10ನ್ನು ಮೀರಕೂಡದೆಂದು ಸರಕಾರ 2001ರ ಆಗಸ್ಟ್ 1ರಂದೇ ಆದೇಶಿಸಿದೆ. ಬೊಂಬಾಯಿ ಹೈಕೋರ್ಟ್ 2007ರಲ್ಲಿ ಅದನ್ನು ಎತ್ತಿಹಿಡಿದಿದೆ. ನಮ್ಮ ಲೆಕ್ಕಕ್ಕೆ ಅದು ತಿಂಗಳಿಗೆ ನೂರಿಪ್ಪತ್ತು ರೂಪಾಯಿಯೂ ಆಗುತ್ತಿರಲಿಲ್ಲ. ಅದೂ ಮಾಲಕ ಕೊಡಬೇಕಾದದ್ದು. ನಾನು ಮೆಲ್ಲನೆ ಈ ಮಾತು ತೆಗೆದಾಗ ಸೆಕ್ರೆಟರಿಯವರು ಕನ್ನಡಕದ ಮೇಲಿನಿಂದ ನೋಡಿ, ‘ತುಮ್ಹೀ ಭಾಡೋತ್ರಿ, ತುಮಚಾ ಕಾಯ್ ಸಂಬಂಧ?’ ಎಂದರು. ನೀವು ಬಾಡಿಗೆಯವರು, ನಿಮಗೇನು ಸಂಬಂಧ?

ಮುಂದಿನ ಮೂರು ವರ್ಷ ಈ ಒಂದು ವಾಕ್ಯವನ್ನು ಅದೆಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಕುಡಿಯುವ ನೀರಿನಲ್ಲಿ ಕಾಮಾಲೆ

ಮೊದಲ ಮಳೆಗಾಲದಲ್ಲೇ ಪೆಟ್ಟು ಬಿತ್ತು. ಆಗಸ್ಟ್ ಮಧ್ಯದಲ್ಲಿ ಮಗಳಿಗೆ ಊಟ ಸೇರದಾಯಿತು, ವಾಂತಿ ಶುರುವಾಯಿತು. ನಾಲ್ಕನೆಯ ದಿನ ಕಣ್ಣು ಹಳದಿಯಾಗಿತ್ತು. ನೀರಿನಿಂದ ಬಂದ ಕಾಮಾಲೆ ಎಂದರು ವೈದ್ಯರು. ಅಪ್ಪ ನೆಲನೆಲ್ಲಿಯ ಕಷಾಯ ಎಂದರು, ಪತ್ನಿ ಆಸ್ಪತ್ರೆ ಎಂದಳು. ಕೊನೆಗೆ ಆಸ್ಪತ್ರೆಯಲ್ಲಿ ಆರು ದಿನ, ಮನೆಯಲ್ಲಿ ಆರು ವಾರ. ಶಾಲೆಯ ಸತ್ರ ಪರೀಕ್ಷೆ ತಪ್ಪಿತು.

ನಮ್ಮ ಮಗಳೊಬ್ಬಳೇ ಅಲ್ಲ. ನಾಲ್ಕನೆಯ ಮಾಳಿಗೆಯ ಇಬ್ಬರು ಮಕ್ಕಳು, ಎರಡನೆಯ ಮಾಳಿಗೆಯ ಹೊಸ ಮದುಮಗಳು, ವಾಚ್‌ಮನ್ ಹೀಗೆ ನಮ್ಮ ವಿಂಗ್‌ನಲ್ಲೇ ಒಂಬತ್ತು ಮಂದಿ ಮಲಗಿದ್ದರು. ಆದರೆ ಯಾರಿಗೂ ಮತ್ತೊಬ್ಬರ ಸುದ್ದಿ ಗೊತ್ತಿರಲಿಲ್ಲ. ಫ್ಲ್ಯಾಟಿನ ಬಾಗಿಲುಗಳು ಹಾಗೆಯೇ. ಹಾಲಿನವನೇ ನಮಗೆಲ್ಲ ಸುದ್ದಿಗಾರನಾದ.

ಒಂದು ಭಾನುವಾರ ನಾನು ಪ್ಲಂಬರನನ್ನು ಕರೆದುಕೊಂಡು ಕೆಳಗೆ ಹೋದೆ. ನೆಲದಡಿಯ ಟ್ಯಾಂಕು ಕಾರು ನಿಲ್ಲಿಸುವ ಜಾಗದಲ್ಲಿತ್ತು. ಮುಚ್ಚಳ ಸೀಳಿ ಅದರ ಮೇಲೆ ಒಂದು ಹಳೆಯ ಗೋಣಿಚೀಲ ಹೊದಿಸಿದ್ದರು. ಅಲ್ಲಿಂದ ನಾಲ್ಕು ಹೆಜ್ಜೆಯಾಚೆ ಗಟಾರದ ಚೇಂಬರು. ಜೋರು ಮಳೆ ಬಂದಾಗ ಚೇಂಬರು ಉಕ್ಕಿ, ಆ ನೀರು ನೆಲದ ಮೇಲೆ ಹರಿದು ನೇರ ಟ್ಯಾಂಕಿಗೆ ಇಳಿಯುತ್ತಿತ್ತು. ಟೆರೇಸಿನ ಟ್ಯಾಂಕಿಗೆ ಮುಚ್ಚಳವೇ ಇರಲಿಲ್ಲ, ಒಳಗೆ ಪಾರಿವಾಳದ ಗರಿಗಳು ತೇಲುತ್ತಿದ್ದವು. ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ಕೇಳಿದರೆ ವಾಚ್‌ಮನ್ ಬೆರಳು ಮಡಚಿ ಎಣಿಸಲು ಹೊರಟು ನಕ್ಕುಬಿಟ್ಟ.

ಸೆಕ್ರೆಟರಿಗೆ ಪತ್ರ ಕೊಟ್ಟೆ. ಸ್ವೀಕರಿಸಲಿಲ್ಲ, ‘ಮಾಲಕರಿಂದ ಬರೆಸಿ ತನ್ನಿ’ ಎಂದರು. ಆಗ ನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ಅರ್ಜಿ ಹಾಕಿದೆ. ಅಲ್ಲಿ ಬಾಡಿಗೆಯವನೋ ಮಾಲಕನೋ ಎಂದು ಯಾರೂ ಕೇಳಲಿಲ್ಲ. ಎರಡು ದಿನದಲ್ಲಿ ಸಿಬಂದಿ ಬಂದು ನೀರಿನ ಮಾದರಿ ಒಯ್ದರು. ಕುಡಿಯಲು ಯೋಗ್ಯವಲ್ಲ ಎಂಬ ವರದಿ ಬಂತು. ಸೊಸೈಟಿಗೆ ನೋಟಿಸು ಹೋಯಿತು. ಟ್ಯಾಂಕು ತೊಳೆದರು, ಹೊಸ ಮುಚ್ಚಳ ಬಂತು. ಅದರ ಮುಂದಿನ ತಿಂಗಳ ಬಿಲ್ಲಿನಲ್ಲಿ ಟ್ಯಾಂಕು ಶುಚಿಗೊಳಿಸಿದ ಬಾಬ್ತು ಪ್ರತೀ ಫ್ಲ್ಯಾಟಿಗೆ 350 ರೂಪಾಯಿ ಸೇರಿಸಿದ್ದರು. ಮಾಲಕರು ಅದನ್ನು ನನಗೇ ಕೊಡಲು ಹೇಳಿದರು. ಕೊಟ್ಟೆ.

ಈ ಒಂದು ಘಟನೆಯಿಂದ ನಾನು ಕಲಿತದ್ದು ಇಷ್ಟು. ಸೊಸೈಟಿಯ ಒಳಗೆ ಬಾಡಿಗೆದಾರನಿಗೆ ಬಾಯಿಯಿಲ್ಲದಿರಬಹುದು. ಆರೋಗ್ಯ, ಅಗ್ನಿಶಾಮಕ, ಲಿಫ್ಟ್ ಈ ಮೂರು ವಿಷಯಗಳಲ್ಲಿ ಸರಕಾರದ ಬಾಗಿಲು ಅವನಿಗೂ ತೆರೆದಿದೆ.

ಲಿಫ್ಟ್ ನಿಂತ 112 ದಿನಗಳು

ಅಪ್ಪ ಮೀರಾರೋಡಿಗೆ ಒಗ್ಗಿಕೊಂಡಿದ್ದರು. ಬೆಳಿಗ್ಗೆ ಆರಕ್ಕೆ ಕೆಳಗಿಳಿದು ಗಾರ್ಡನ್ನಿಗೆ ಹೋಗುವರು. ಅಲ್ಲಿ ನಮ್ಮ ಕಡೆಯ ಏಳೆಂಟು ಹಿರಿಯರು ಕಲ್ಲುಬೆಂಚಿನಲ್ಲಿ ಸೇರುತ್ತಿದ್ದರು. ಯಕ್ಷಗಾನದ ಹಳೆಯ ಮೇಳಗಳು, ಊರಿನ ಗದ್ದೆಯ ಬೆಲೆ, ಸೊಸೆಯಂದಿರ ಅಡುಗೆ ಎಲ್ಲವೂ ಅಲ್ಲಿ ಇತ್ಯರ್ಥವಾಗುತ್ತಿತ್ತು. ಮರಳುವಾಗ ಕನ್ನಡ ಪತ್ರಿಕೆ ತರುತ್ತಿದ್ದರು. ಊರನ್ನು ಬಿಟ್ಟು ಬಂದ ಎಪ್ಪತ್ತೆರಡರ ಹಿರಿಜೀವಕ್ಕೆ ದಿನದ ಈ ಎರಡು ಗಂಟೆಗಳೇ ಆಧಾರ.

2015ರ ಆಗಸ್ಟ್ 1ರಂದು ಬಿ ವಿಂಗ್‌ನ ಲಿಫ್ಟ್ ನಿಂತಿತು. ಟೆರೇಸಿನ ಮೆಷಿನ್ ರೂಮಿನ ಸ್ಲ್ಯಾಬು ಸೋರಿ ಪ್ಯಾನೆಲಿಗೆ ನೀರಿಳಿದು ಸುಟ್ಟುಹೋಗಿತ್ತು. ಹಗ್ಗವೂ ಸವೆದಿತ್ತು. ‘ಎರಡು ದಿನದಲ್ಲಿ ಸರಿಯಾಗುತ್ತದೆ’ ಎಂದು ಬಾಗಿಲಿಗೆ ಕಾಗದ ಅಂಟಿಸಿದರು. ಎರಡು ದಿನ ಎರಡು ವಾರವಾಯಿತು. ಕಾಗದದ ಶಾಯಿ ಮಾಸಿತು.

ಅಪ್ಪ ಮೊದಲ ವಾರ ಒಮ್ಮೆ ಇಳಿದರು. ಹತ್ತುವಾಗ ಪ್ರತೀ ಮಾಳಿಗೆಯಲ್ಲಿ ಕುಳಿತು ಮೇಲೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲಲ್ಲಿ ನಿಂತು, ‘ಸರಿಯಾಗಿ 108 ಮೆಟ್ಟಿಲು ಮಗ, ಅಷ್ಟೋತ್ತರ ಮುಗಿಸಿ ಬಂದೆ’ ಎಂದು ನಗಲು ಯತ್ನಿಸಿದರು. ತುಟಿ ನೀಲಿಗಟ್ಟಿತ್ತು. ಮರುದಿನದಿಂದ ನಾವೇ ತಡೆದೆವು.

ಅನಂತರ ಅವರು ಕೆಳಗೆ ಇಳಿದದ್ದು ಒಂದೇ ಸಲ. ಆ ಎರಡು ತಿಂಗಳು ಅಪ್ಪ ಅಡುಗೆಮನೆಯ ಕಿಟಕಿಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ರಸ್ತೆ ನೋಡಿದರು. ಗಾರ್ಡನ್ನಿನ ಸ್ನೇಹಿತರು ಒಂದೆರಡು ಬಾರಿ ಫೋನು ಮಾಡಿದರು. ಅವರೂ ಎಪ್ಪತ್ತು ದಾಟಿದವರು, ಮೇಲೆ ಹತ್ತಿ ಬರುವಂತಿರಲಿಲ್ಲ. ಚೌತಿಯ ಸಮಯದಲ್ಲಿ ಸಮೀಪದ ಸಭಾಗೃಹದಲ್ಲಿ ಊರಿನ ಕಲಾವಿದರಿಂದ ಯಕ್ಷಗಾನವಿತ್ತು. ಅಪ್ಪ ಒಂದು ತಿಂಗಳಿಂದ ಆ ದಿನ ಎಣಿಸುತ್ತಿದ್ದರು. ಅಂದು ಸಂಜೆ ಚೆಂಡೆಯ ಸದ್ದು ಕಿಟಕಿಯವರೆಗೆ ಕೇಳಿಸುತ್ತಿತ್ತು. ‘ಕೇಳಿದರೆ ಸಾಕು, ವೇಷ ಎಲ್ಲ ನನಗೆ ಗೊತ್ತುಂಟು’ ಎಂದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, ‘ನನ್ನನ್ನು ಊರಿಗೆ ಬಿಡು ಮಗ. ಅಲ್ಲಿ ಬಾಗಿಲು ತೆರೆದರೆ ನೆಲ ಸಿಗುತ್ತದೆ’ ಎಂದರು. ಎದುರುತ್ತರ ನನ್ನಲ್ಲಿರಲಿಲ್ಲ. ಸೆಪ್ಟೆಂಬರ್ 30ಕ್ಕೆ ಮತ್ಸ್ಯಗಂಧದಲ್ಲಿ ಟಿಕೇಟು ಮಾಡಿಸಿದೆ. ವಾಚ್‌ಮನ್ ಮತ್ತು ಎದುರಿನ ಹೊಟೇಲಿನ ಇಬ್ಬರು ಹುಡುಗರು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿ ಆರು ಮಾಳಿಗೆ ಕೆಳಗಿಳಿಸಿದರು. ಮದುವೆಯ ದಿಬ್ಬಣ ಹೊರಟಂತೆ ಉಂಟು ಎಂದು ಅಪ್ಪ ತಮಾಷೆ ಮಾಡಿದರು. ಹುಡುಗರು ನಕ್ಕರು. ನನಗೆ ನಗಲಾಗಲಿಲ್ಲ.

ಇಪ್ಪತ್ತು ನಿಮಿಷದ ಮಹಾಸಭೆ

ಅದೇ ತಿಂಗಳು ಸೊಸೈಟಿಯ ವಾರ್ಷಿಕ ಮಹಾಸಭೆಯಿತ್ತು. ಮಾಲಕರಿಗೆ ಫೋನು ಮಾಡಿ, ನಿಮ್ಮ ಪರವಾಗಿ ನಾನು ಹೋಗಿ ಲಿಫ್ಟಿನ ವಿಷಯ ಎತ್ತಲೇ ಎಂದು ಕೇಳಿದೆ. ‘ಹೋಗಿ ಮಾರಾಯ್ರೆ, ಅಧಿಕಾರ ಪತ್ರ ಕಳಿಸುತ್ತೇನೆ’ ಎಂದರು. ಆದರೆ ಸೊಸೈಟಿಗಳ ಮಾದರಿ ಉಪನಿಯಮದ ಪ್ರಕಾರ ಸದಸ್ಯನ ಬದಲಿಗೆ ಅಧಿಕಾರ ಪತ್ರ ಹಿಡಿದವನು ಮಹಾಸಭೆಗೆ ಬರುವಂತಿಲ್ಲ. ನನ್ನನ್ನು ಬಾಗಿಲಲ್ಲೇ ತಡೆದರು. ಅದು ಅವರ ತಪ್ಪಲ್ಲ, ನಿಯಮ ಹಾಗೆಯೇ ಇದೆ. ಸಭೆ ಕಾರು ನಿಲ್ಲಿಸುವ ಜಾಗದಲ್ಲೇ ನಡೆಯುತ್ತಿದ್ದುದರಿಂದ ಗೇಟಿನ ಬಳಿ ನಿಂತು ನೋಡಿದೆ.

84 ಸದಸ್ಯರಲ್ಲಿ ಬಂದವರು 13. ಮಹಾಸಭೆಗೆ ಒಟ್ಟು ಸದಸ್ಯರ ಮೂರನೆಯ ಎರಡಂಶ ಅಥವಾ 20 ಮಂದಿ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಇಲ್ಲದಿದ್ದರೆ ಅರ್ಧ ಗಂಟೆ ಕಾದು ಸಭೆಯನ್ನು ಮುಂದೂಡಬೇಕು. ಅದೇ ದಿನ ಮತ್ತೆ ಸೇರುವುದಾಗಿ ನೋಟಿಸಿನಲ್ಲಿ ಮೊದಲೇ ಬರೆದಿದ್ದರೆ, ಮುಂದೂಡಿದ ಸಭೆಗೆ ಕೋರಂ ಬೇಡ. ಹಾಗೆಯೇ ಆಯಿತು. ಚಹಾ, ಸಮೋಸ ಮುಗಿಸಿ ಮತ್ತೆ ಕುಳಿತರು. ಲೆಕ್ಕಪತ್ರ ಮಂಜೂರು, ಅದೇ ಕಮಿಟಿ ಮುಂದುವರಿಕೆ, ಉಪಕಾರ ಸ್ಮರಣೆ. ಇಪ್ಪತ್ತು ನಿಮಿಷ. ಲಿಫ್ಟಿನ ಮಾತು ಬರಲೇ ಇಲ್ಲ. ಬಂದ 13 ಮಂದಿಯಲ್ಲಿ ಬಿ ವಿಂಗ್‌ನವರು ಇಬ್ಬರು, ಇಬ್ಬರೂ ಒಂದನೆಯ ಮಾಳಿಗೆಯವರು.

ಆ ಕಟ್ಟಡದಲ್ಲಿ ನಮ್ಮವರದ್ದೇ ಹನ್ನೊಂದು ಫ್ಲ್ಯಾಟುಗಳಿದ್ದವು ಎಂಬುದು ಅನಂತರ ಗೊತ್ತಾಯಿತು. ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಕೆಲವರು ಊರಿನಲ್ಲಿ, ಕೆಲವರು ಹೊಟೇಲಿನ ಗಲ್ಲಾದಲ್ಲಿ, ಇನ್ನು ಕೆಲವರು ಅಂದು ಯಾವುದೋ ಸಂಘದ ವಾರ್ಷಿಕೋತ್ಸವದಲ್ಲಿ. ನಮ್ಮ ಜಾತೀಯ ಸಂಘಗಳ, ಭಜನಾ ಮಂಡಳಿಗಳ ಮಹಾಸಭೆಗೆ ದೂರದ ಕಲ್ಯಾಣದಿಂದಲೂ ಬರುವ ನಾವು ನಾವಿರುವ ಕಟ್ಟಡದ ಮಹಾಸಭೆಗೆ ಲಿಫ್ಟಿನಲ್ಲಿ ಇಳಿದು ಹೋಗುವುದಿಲ್ಲ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ, ಕಂಡದ್ದನ್ನು ಹೇಳಿದೆ.

ಮೂರನೆಯ ಮಾಳಿಗೆಯಲ್ಲಿ ಕುಳಿತ ಮಾಲಕರು

ನವೆಂಬರ್ ಮೊದಲ ವಾರ ಮಾಲಕರು ಸಂಬಂಧಿಕರ ಮದುವೆಗೆ ಮುಂಬಯಿಗೆ ಬಂದರು. ಮನೆ ನೋಡಿ ಹೋಗುತ್ತೇನೆ ಎಂದು ತಿಳಿಸಿದರು. ಲಿಫ್ಟ್ ಇಲ್ಲ ಎಂದು ನಾನು ನಾಲ್ಕು ಸಲ ಫೋನಿನಲ್ಲಿ ಹೇಳಿದ್ದೆ. ‘ಸರಿಯಾದೀತು’ ಎಂದು ನಾಲ್ಕು ಸಲವೂ ಹೇಳಿದ್ದರು. ಅರವತ್ತೆಂಟರ ಆ ಹಿರಿಯರು ಮೂರನೆಯ ಮಾಳಿಗೆಯ ಮೆಟ್ಟಿಲಿನಲ್ಲಿ ಕುಳಿತುಬಿಟ್ಟರು. ಪತ್ನಿ ನೀರು ತೆಗೆದುಕೊಂಡು ಹೋದಳು. ಮೇಲೆ ಬಂದವರು ಬಹಳ ಹೊತ್ತು ಮಾತಾಡಲಿಲ್ಲ. ಕಿಟಕಿಯ ಬಳಿಯ ಕುರ್ಚಿ ನೋಡಿ, ‘ತಂದೆಯವರು ಎಲ್ಲಿ?’ ಎಂದು ಕೇಳಿದರು. ಹೇಳಿದೆ.

ಮರುದಿನ ಅವರು ನನ್ನನ್ನೂ ಕರೆದುಕೊಂಡು ಸೊಸೈಟಿ ಕಚೇರಿಗೆ ನಡೆದರು. ಸದಸ್ಯನಾದ ನನಗೆ ಲೆಕ್ಕಪತ್ರ ನೋಡುವ ಹಕ್ಕಿದೆ, ಇವರು ನನ್ನ ಜೊತೆ ಕುಳಿತು ಓದಿ ಹೇಳುತ್ತಾರೆ ಎಂದರು. ಹಿಂದೆ ಹೊಟೇಲು ನಡೆಸಿದ ಗತ್ತು ಆ ದನಿಯಲ್ಲಿತ್ತು. ಸೆಕ್ರೆಟರಿಯವರು ಕಪಾಟು ತೆರೆದರು.

ನಾನು ಕಳ್ಳತನ ಹುಡುಕಲು ಕುಳಿತವನು. ಸತ್ಯ ಹೇಳಬೇಕೆಂದರೆ, ಮೂರು ಸಂಜೆ ಓದಿದರೂ ಕಳ್ಳತನ ಸಿಗಲಿಲ್ಲ. ಸಿಕ್ಕಿದ್ದು ಅದಕ್ಕಿಂತ ಕೆಟ್ಟದ್ದು. 84ರಲ್ಲಿ 31 ಫ್ಲ್ಯಾಟುಗಳ ಮೈಂಟೆನನ್ಸ್ ಬಾಕಿ, ಕೆಲವರದ್ದು ಐದು ವರ್ಷದಿಂದ. ಬಾಕಿಯ ಮೊತ್ತ 14 ಲಕ್ಷ ದಾಟಿತ್ತು. ಕಟ್ಟಡ ನಿರ್ಮಾಣ ವೆಚ್ಚದ ಶೇಕಡಾ 0.25ರಂತೆ ವರ್ಷವರ್ಷ ಕೂಡಿಡಬೇಕಾದ ಸಿಂಕಿಂಗ್ ಫಂಡನ್ನು ಮುರಿದು ನೀರಿನ ಟ್ಯಾಂಕರಿನ ಬಿಲ್ಲು ತೀರಿಸಿದ್ದರು. ದುರಸ್ತಿ ನಿಧಿಗೆ ಕೂಡಬೇಕಾದ ಶೇಕಡಾ 0.75 ಎಂದೂ ಕೂಡಿರಲೇ ಇಲ್ಲ. ಲಿಫ್ಟ್ ಕಂಪೆನಿಯ ವಾರ್ಷಿಕ ಕರಾರು ಏಪ್ರಿಲ್‌ನಲ್ಲೇ ಹಣ ಕಟ್ಟದೆ ರದ್ದಾಗಿತ್ತು. ದುರಸ್ತಿಗೆ ಬೇಕಾದದ್ದು 1 ಲಕ್ಷ 80 ಸಾವಿರ, ಬ್ಯಾಂಕಿನಲ್ಲಿ ಇದ್ದದ್ದು 22 ಸಾವಿರ. ಬಾಕಿದಾರರ ಪಟ್ಟಿಯಲ್ಲಿ ನಮ್ಮವರ ನಾಲ್ಕು ಫ್ಲ್ಯಾಟುಗಳಿದ್ದವು. ಒಂದು ನನ್ನ ಮಾಲಕರದ್ದೇ. ನಾನು ಬಾಡಿಗೆಯೊಂದಿಗೆ ತಪ್ಪದೆ ಕಳುಹಿಸುತ್ತಿದ್ದ ಮೈಂಟೆನನ್ಸ್ ಹಣ ಏಳು ತಿಂಗಳಿಂದ ಸೊಸೈಟಿಗೆ ತಲಪಿರಲಿಲ್ಲ. ಅವರು ತಲೆತಗ್ಗಿಸಿ, ‘ಮಗನಿಗೆ ಕಟ್ಟಲು ಹೇಳಿದ್ದೆ, ವಿಚಾರಿಸಲಿಲ್ಲ’ ಎಂದರು.

ಆಗ ಸೆಕ್ರೆಟರಿಯವರು ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟರು. ನಿವೃತ್ತ ಸರಕಾರಿ ನೌಕರರು, ಮರಾಠಿಗರು, ಒಂಟಿ ಜೀವ. ‘ಎಂಟು ವರ್ಷದಿಂದ ಪ್ರತೀ ಸಭೆಯಲ್ಲಿ ಯಾರಾದರೂ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ. ಯಾರೂ ಮುಂದೆ ಬರುವುದಿಲ್ಲ. ಬಾಕಿ ಕೇಳಲು ಹೋದರೆ ಬಾಗಿಲು ತೆರೆಯುವುದಿಲ್ಲ. ಬಾಡಿಗೆಯವರಿಂದ ಹೆಚ್ಚು ತೆಗೆದುಕೊಳ್ಳುತ್ತೇವೆ, ಯಾಕೆಂದರೆ ಅವರು ಮಾತ್ರ ಕೊಡುತ್ತಾರೆ’ ಎಂದರು. ಎರಡು ವರ್ಷದಿಂದ ನಾನು ಯಾರನ್ನು ಶತ್ರುವೆಂದು ಭಾವಿಸಿದ್ದೆನೋ ಆ ಮನುಷ್ಯನ ಮುಂದೆ ಅಂದು ನನಗೆ ಮಾತು ಹೊರಡಲಿಲ್ಲ. ಅವರು ಮಾಡಿದ್ದು ಸರಿ ಎಂದಲ್ಲ. ನಿಯಮ ಮೀರಿ ನನ್ನಿಂದ ಕಿತ್ತ ಹಣ ಅನ್ಯಾಯದ್ದೇ. ಆದರೆ ಆ ಅನ್ಯಾಯಕ್ಕೆ ಮನೆಬಾಗಿಲು ಮುಚ್ಚಿ ಕುಳಿತ ಮಿಕ್ಕವರೆಲ್ಲರ ಪಾಲೂ ಇತ್ತು.

ಮಾಲಕರು ತಮ್ಮ ಬಾಕಿ ಅಲ್ಲೇ ಕಟ್ಟಿದರು. ಊರಿಗೆ ಹೋಗುವುದನ್ನು ಹತ್ತು ದಿನ ಮುಂದೂಡಿ, ನಮ್ಮವರ ಇತರ ಮೂರು ಬಾಕಿದಾರರಿಗೆ ಖುದ್ದಾಗಿ ಫೋನು ಮಾಡಿದರು. ಬಿ ವಿಂಗ್‌ನ ಒಂದೊಂದೇ ಬಾಗಿಲು ತಟ್ಟಿದೆವು. ಬಾಡಿಗೆಯ ನಾನು ಲೆಕ್ಕದ ಹಾಳೆ ಹಿಡಿದು, ಅವರು ಮಾತಾಡುತ್ತ. ದುಡ್ಡು ಕೂಡಿತು. ನವೆಂಬರ್ 20ರ ರಾತ್ರಿ ಲಿಫ್ಟ್ ಮೇಲೆ ಬಂತು. 112 ದಿನ. ಪತ್ನಿ ಊರಿಗೆ ಫೋನು ಮಾಡಿ ಅಪ್ಪನಿಗೆ ತಿಳಿಸಿದಳು. ‘ಒಳ್ಳೆಯದಾಯ್ತು, ಜಾಗ್ರತೆ’ ಎಂದರಂತೆ. ಬರುತ್ತೇನೆ ಎನ್ನಲಿಲ್ಲ.

ಅವರು ಮತ್ತೆ ಮುಂಬಯಿಗೆ ಬರಲೇ ಇಲ್ಲ. 2018ರಲ್ಲಿ ಊರಿನ ಮನೆಯಲ್ಲೇ ತೀರಿಕೊಂಡರು.

ಮನೆ ಹಿಡಿಯುವ ಮುನ್ನ

ನಾವು 2017ರ ಮೇ ತಿಂಗಳಲ್ಲಿ ಆ ಮನೆ ಬಿಟ್ಟೆವು. ಈಗ ಬಾಡಿಗೆಗೆ ಮನೆ ಹುಡುಕುವ ನಮ್ಮ ಹುಡುಗರು ಕೇಳಿದಾಗ ನಾನು ಹೇಳುವ ಕೆಲವು ಮಾತುಗಳಿವೆ.

ಫ್ಲ್ಯಾಟಿನ ಟೈಲ್ಸ್ ನೋಡುವ ಮೊದಲು ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಮುಚ್ಚಳ ನೋಡಿ. ಲಿಫ್ಟಿನ ವಾರ್ಷಿಕ ಕರಾರು ಚಾಲ್ತಿಯಲ್ಲಿದೆಯೇ, ಸರಕಾರದ ಲಿಫ್ಟ್ ಇನ್ಸ್‌ಪೆಕ್ಟರ್ ತಪಾಸಣೆ ಆಗಿದೆಯೇ ಎಂದು ಕೇಳಿ. ಮೆಟ್ಟಿಲ ಬಳಿಯ ಅಗ್ನಿಶಾಮಕ ಪೆಟ್ಟಿಗೆ ತೆರೆದು ನೋಡಿ. ನಮ್ಮಲ್ಲಿ ಅದರೊಳಗೆ ಪೈಪಿನ ಬದಲು ಯಾರದ್ದೋ ಚಪ್ಪಲಿಗಳಿದ್ದವು. 2006ರ ಮಹಾರಾಷ್ಟ್ರ ಅಗ್ನಿ ತಡೆ ಕಾಯಿದೆಯಂತೆ ಪರವಾನಿಗೆ ಪಡೆದ ಸಂಸ್ಥೆಯಿಂದ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಆ ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ ಪಡೆಯಬೇಕು.

ಕಟ್ಟಡಕ್ಕೆ ಎಷ್ಟು ವಯಸ್ಸು ಎಂದು ವಿಚಾರಿಸಿ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ಮೀರಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಮಾದರಿ ಉಪನಿಯಮ ಹೇಳುತ್ತದೆ. ಇದು ಬರೇ ಕಾಗದದ ಮಾತಲ್ಲ. 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡ್ ಬಳಿ ನಗರಪಾಲಿಕೆ ನೌಕರರು ವಾಸವಿದ್ದ ಕಟ್ಟಡ ಕುಸಿದು 61 ಮಂದಿ ಪ್ರಾಣ ಕಳೆದುಕೊಂಡರು. 2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ ಕಟ್ಟಡವೊಂದು ಕುಸಿದು 17 ಮಂದಿ ಸತ್ತರು. ಅಲ್ಲಿ ನೆಲಮಹಡಿಯಲ್ಲಿ ಒಡೆದು ಕಟ್ಟುವ ಕೆಲಸ ನಡೆದಿತ್ತು. ಕುಸಿಯುವ ಕಟ್ಟಡ ಮಾಲಕ ಯಾರು, ಬಾಡಿಗೆಯವ ಯಾರು ಎಂದು ಕೇಳುವುದಿಲ್ಲ.

ಕರಾರು ನೋಂದಣಿಯಾಗದೆ ಒಂದು ರೂಪಾಯಿ ಡಿಪಾಸಿಟ್ ಕೊಡಬೇಡಿ. ಮೈಂಟೆನನ್ಸ್ ನೀವೇ ಭರಿಸುವುದಿದ್ದರೆ ಸೊಸೈಟಿಗೆ ನೇರ ಕಟ್ಟಿ, ರಸೀದಿ ಮಾಲಕರಿಗೆ ಕಳುಹಿಸಿ. ದೂರು ಕೊಡುವುದಿದ್ದರೆ ಬರೆದು ಕೊಡಿ, ಪ್ರತಿಯ ಮೇಲೆ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ಊರಿನಲ್ಲಿ ಕುಳಿತು ಇಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ಹಿರಿಯರಲ್ಲೂ ಒಂದು ವಿನಂತಿ. ಮಹಾಸಭೆಗೆ ನಿಮ್ಮ ಬಾಡಿಗೆಯವರು ಹೋಗಲಾರರು, ನೀವೇ ಬರಬೇಕು. ಬರಲಾಗದಿದ್ದರೆ ಇಲ್ಲಿರುವ ಮಗನನ್ನೋ ಮಗಳನ್ನೋ ಕ್ರಮಪ್ರಕಾರ ಸಹ ಸದಸ್ಯರನ್ನಾಗಿಸಿ. ಸೊಸೈಟಿ ಕೆಟ್ಟಿದೆ ಎನಿಸಿದರೆ ಸಹಕಾರಿ ಸಂಘಗಳ ಉಪನಿಬಂಧಕರಿಗೆ ಬರೆಯುವ ಹಕ್ಕು ಸದಸ್ಯರದ್ದು. ಬಾಡಿಗೆಯವನ ದೂರಿಗಿಂತ ನಿಮ್ಮ ಒಂದು ಪತ್ರಕ್ಕೆ ತೂಕ ಹೆಚ್ಚು.

ಇಷ್ಟು ಉಪದೇಶ ಮಾಡುವ ನಾನು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಾಲ ಮಾಡಿ ವಿರಾರಿನಲ್ಲಿ ಸ್ವಂತ ಫ್ಲ್ಯಾಟ್ ಕೊಂಡೆ. ಸದಸ್ಯನಾದ ಮೇಲೆ ಮೊದಲ ಮಹಾಸಭೆಯ ನೋಟಿಸು ಬಂದ ಭಾನುವಾರ ನಮ್ಮ ಊರಿನವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟಕ್ಕೆ ಹೋದೆ, ಸಭೆಗೆ ಹೋಗಲಿಲ್ಲ. ರಾತ್ರಿ ಮಗಳು, ‘ಸಭೆಯಲ್ಲಿ ಏನಾಯ್ತಪ್ಪ?’ ಎಂದು ಕೇಳಿದಳು. ಉತ್ತರ ಕೊಡಲಾಗದೆ ಟಿವಿ ಹಾಕಿದೆ.

ಮರುವರ್ಷ ಹೋದೆ. ಕೋರಂಗೆ ಇಬ್ಬರು ಕಡಿಮೆಯಿದ್ದರು. ಅರ್ಧ ಗಂಟೆ ಕಾಯುವ ಬದಲು ಮೇಲೆ ಹೋಗಿ ನಮ್ಮ ಮಾಳಿಗೆಯ ಎರಡು ಬಾಗಿಲು ತಟ್ಟಿ ಕರೆತಂದೆ. ಈಗ ಆರು ವರ್ಷದಿಂದ ಆ ಕಮಿಟಿಯಲ್ಲಿ ಕೋಶಾಧಿಕಾರಿಯಾಗಿದ್ದೇನೆ. ಬಾಡಿಗೆಯವರ ದೂರು ತೆಗೆದುಕೊಳ್ಳಲು ಒಂದು ಪ್ರತ್ಯೇಕ ಪುಸ್ತಕ ಇಟ್ಟಿದ್ದೇವೆ. ಕಳೆದ ತಿಂಗಳು ಅದರಲ್ಲಿ ಯಾರೋ ‘ಲಿಫ್ಟ್ ಎರಡು ಗಂಟೆ ಬಂದ್’ ಎಂದು ಬರೆದಿದ್ದರು. ಎರಡೇ ಗಂಟೆ ಎಂದು ಕಮಿಟಿಯಲ್ಲಿ ಒಬ್ಬರು ನಕ್ಕರು. ನಾನು ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ.